ಪದ್ಮಕ್ಕನ ಮೋಟಾರು

ನಮ್ಮ ಕಟ್ಟಡಕ್ಕೆ ಬಣ್ಣ ಹೊಡೆಸುತ್ತಿದ್ದಾರೆ. ಬೆಳಿಗ್ಗೆ ವಾಕಿಂಗಿಗೆಂದು ಕೆಳಗಿಳಿದರೆ ಪೇಂಟರ್ ಗೋಡೆಯಿಂದ ಕಿತ್ತ ಒಂದು ಹಳೆಯ ಸ್ವಿಚ್ ಡಬ್ಬಿ ಹಿಡಿದುಕೊಂಡು ನಿಂತಿದ್ದ. 'ಸಾರ್, ಇದು ಬೇಕಾ, ಬಿಸಾಕ್ಲಾ?' ಎಂದು ಕೇಳಿದ. ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ, ಅವುಗಳ ಮೇಲೆ ನೇಲ್ ಪಾಲಿಶ್‌ನಲ್ಲಿ ಬರೆದ 'ಮೋಟಾರ್' ಎಂಬ ಅಕ್ಷರ. ಇರಲಿ ಕೊಡಪ್ಪ ಎಂದು ತೆಗೆದುಕೊಂಡು ಹಾಗೇ ಮೇಲೆ ಹತ್ತಿ ಬಂದೆ. ವಾಕಿಂಗ್ ತಪ್ಪಿಸಲು ನನಗೆ ಇಷ್ಟು ನೆಪ ಧಾರಾಳವಾಯಿತು.

ನೀವು ಇಟ್ಟಮಡುವಿನ ಕಡೆ ಬಂದಿದ್ದರೆ ನಮ್ಮಂಥ ಕಟ್ಟಡಗಳನ್ನು ನೋಡಿಯೇ ಇರುತ್ತೀರಿ. ಕೆಳಗೆ ಸಂಪು, ತಾರಸಿಯ ಮೇಲೆ ಟ್ಯಾಂಕು, ನಡುವೆ ನಾವು. ಸಂಪಿನ ನೀರನ್ನು ಮೇಲಕ್ಕೆ ಏರಿಸುವ ಮೋಟಾರಿನ ಸ್ವಿಚ್ಚನ್ನು ಕಟ್ಟಿಸಿದವರು ನೆಲಮಹಡಿಯ ಪದ್ಮಕ್ಕನ ಅಡುಗೆಮನೆಯ ಹೊರಗೋಡೆಗೆ ಕೂರಿಸಿಬಿಟ್ಟಿದ್ದರು. ಪದ್ಮಕ್ಕ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದವರು. ಯಜಮಾನರು ಬ್ಯಾಂಕಿನಲ್ಲಿದ್ದರು. ಮೋಟಾರು ನೋಡಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ. ಬೆಳಿಗ್ಗೆ ಹಾಲಿಟ್ಟು ಹಸಿರು ಗುಂಡಿ ಒತ್ತುತ್ತಿದ್ದರು, ತಾರಸಿಯಿಂದ ನೀರು ತುಂಬಿ ಧುಮ್ಮಿಕ್ಕಿದ ಸದ್ದಾದರೆ ಕೆಂಪು ಗುಂಡಿ.

ಮಧ್ಯೆ ನೀರು ನಿಂತರೆ ಮಹಡಿ ಮೆಟ್ಟಿಲ ಬಳಿ ಬಗ್ಗಿ 'ಪದ್ಮಕ್ಕಾ, ಮೋಟಾರ್' ಎಂದು ಕೂಗಬೇಕು. 'ಹಾಕ್ದೆ' ಎಂದು ಕೆಳಗಿನಿಂದ ಉತ್ತರ ಬರುತ್ತಿತ್ತು. ಅಷ್ಟಕ್ಕೇ ಮುಗಿಯುತ್ತಿತ್ತೇ? ನೀರು ಮೇಲೇರಿ ನಲ್ಲಿಗೆ ಇಳಿಯುವವರೆಗೂ ಹೊತ್ತು ಕಳೆಯಬೇಕಲ್ಲ. ಯಾರಿಗೆ ಜ್ವರ, ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಯಾವ ಅಂಗಡಿಯ ಹೀರೇಕಾಯಿ ಕಹಿ, ಎಲ್ಲವೂ ಆ ಮೆಟ್ಟಿಲಲ್ಲಿ ಹತ್ತಿ ಇಳಿಯುತ್ತಿದ್ದವು. ಪದ್ಮಕ್ಕನ ಹಿತ್ತಲಲ್ಲಿ ಬೆಳೆದ ಕರಿಬೇವಿಗೆಂದು ನನ್ನ ಹೆಂಡತಿ ಅಲ್ಲಿಂದಲೇ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಿದ್ದಳು. ನಾನು ಮೈಗೆಲ್ಲ ಸೋಪು ಬಳಿದುಕೊಂಡು ಬಚ್ಚಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನೆರೆಹೊರೆಯ ಬಗ್ಗೆ ನನಗಿರುವ ತಿಳಿವಳಿಕೆಯಲ್ಲಿ ಮುಕ್ಕಾಲು ಪಾಲು ಸೋಪಿನ ನೊರೆಯಲ್ಲಿ ಸಂಪಾದಿಸಿದ್ದು.

ಆಮೇಲೆ ಟ್ಯಾಂಕು ಬಿರುಕು ಬಿಟ್ಟಿತು. ಕೊನೆಯ ಮಹಡಿಯ ನಮ್ಮ ಮನೆಯ ಸೂರಿನಲ್ಲಿ ತೇವದ ಕಲೆ ಹರಡಿತು. ಇದಕ್ಕೇನು ಮಾಡೋಣ ಎಂದು ಅಸೋಸಿಯೇಷನ್ ಮೀಟಿಂಗಿನಲ್ಲಿ ಬಾಯಿ ತಪ್ಪಿ ಕೇಳಿದೆ. ನಮ್ಮಲ್ಲಿ ಪ್ರಶ್ನೆ ಕೇಳಿದವರನ್ನೇ ಸೆಕ್ರೆಟರಿ ಮಾಡುವ ಪದ್ಧತಿ, ಹೀಗಾಗಿ ನಾನು ಸೆಕ್ರೆಟರಿಯಾದೆ. ಪಂಪಿನ ಕಂಪನಿಯವರೊಬ್ಬರನ್ನು ಕರೆಸಿದೆ. ಟ್ಯಾಂಕೇ ಬೇಡ, ಸಂಪಿನಿಂದ ನೇರವಾಗಿ ನಲ್ಲಿಗೆ ನೀರು ಕೊಡುವ ಪಂಪು ಬಂದಿದೆ ಎಂದು ಅವರು ವಿವರಿಸಿದರು. ನಮ್ಮ ಹಳೆಯ ಮೋಟಾರಿಗೆ ಗೊತ್ತಿದ್ದದ್ದು ಎರಡೇ, ಪೂರ್ತಿ ಓಡುವುದು ಇಲ್ಲವೇ ನಿಲ್ಲುವುದು. ಇದು ಹಾಗಲ್ಲ. ಒಂದು ನಲ್ಲಿ ತಿರುಗಿಸಿದರೆ ಮೆಲ್ಲಗೆ ತಿರುಗುತ್ತದೆ, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸ್ನಾನಕ್ಕಿಳಿದರೆ ವೇಗ ಹೆಚ್ಚಿಸಿಕೊಳ್ಳುತ್ತದೆ, ಎಲ್ಲ ನಲ್ಲಿಯೂ ಮುಚ್ಚಿದರೆ ತಾನೇ ಮಲಗುತ್ತದೆ. ಬೇಕಾದಷ್ಟೇ ಓಡುವುದರಿಂದ ಕರೆಂಟು ಉಳಿಯುತ್ತದೆ. ಎಲ್ಲರೂ ತಲೆಯಾಡಿಸಿದೆವು.

ಪದ್ಮಕ್ಕ ಹಿಂದಿನ ಕುರ್ಚಿಯಲ್ಲಿ ಕೂತು ಯಾರದೋ ಬ್ಲೌಸಿಗೆ ಹುಕ್ ಹಾಕುತ್ತಿದ್ದರು. ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದರು. 'ಇದರ ಸ್ವಿಚ್ ಎಲ್ಲಿರುತ್ತೆ?'

'ಸ್ವಿಚ್ಚೇ ಬೇಡ ಮೇಡಂ. ಯಾರೂ ಮುಟ್ಟೋ ಹಾಗೇ ಇಲ್ಲ' ಎಂದು ಕಂಪನಿಯವರು ಹೆಮ್ಮೆಯಿಂದ ಹೇಳಿದರು.

ಪದ್ಮಕ್ಕ ದಾರವನ್ನು ಹಲ್ಲಿನಿಂದ ಕಡಿದು, ಒಳ್ಳೇದಾಯ್ತು ಬಿಡಿ ಎಂದರು. ಪ್ರಶ್ನೆ ಕೇಳಿದ ಅವರನ್ನು ಮಾತ್ರ ಯಾರೂ ಏನೂ ಮಾಡಲಿಲ್ಲ.

ಹೊಸ ಪಂಪು ಬಂತು. ಕಟ್ಟಡ ಹುಟ್ಟಿದ ಮೇಲೆ ಮೊದಲ ಸಲ ನಮ್ಮ ಮನೆಯ ಷವರಿನಲ್ಲಿ ನೀರು ಷವರಿನಂತೆ ಬಿತ್ತು. ಮೊದಲ ತಿಂಗಳ ಕರೆಂಟು ಬಿಲ್ ಇಳಿದಾಗ ನಾನು, ಪಂಪು ಕಂಡುಹಿಡಿದವನೇ ನಾನೇನೋ ಎಂಬಂತೆ ಓಡಾಡಿದೆ. ಆದರೆ ಕೆಲವು ತಿಂಗಳಲ್ಲಿ ಬಿಲ್ ಮತ್ತೆ ಏರತೊಡಗಿತು. ಎಲ್ಲರೂ ಕೆಲಸಕ್ಕೆ ಹೋಗಿ ಮನೆಗಳು ಬಿಕೋ ಎನ್ನುವ ಮಧ್ಯಾಹ್ನಗಳಲ್ಲೂ ಪಂಪು ಗುಂಯ್ ಎನ್ನುತ್ತಲೇ ಇತ್ತು. ರಿಪೇರಿಯವರು ಬಂದು, ಪಂಪಿನಲ್ಲಿ ದೋಷವಿಲ್ಲ, ಯಾರದೋ ಮನೆಯಲ್ಲಿ ನೀರು ಸೋರುತ್ತಿರುವುದರಿಂದ ಅದಕ್ಕೆ ಮಲಗಲು ಆಗುತ್ತಿಲ್ಲ ಎಂದು ಹೇಳಿ ಹೋದರು. ಶುರುವಾಯಿತು ನೋಡಿ. ಮೇಲಿನವರು ಕೆಳಗಿನವರ ಕಡೆ, ಕೆಳಗಿನವರು ಮೇಲಿನವರ ಕಡೆ ಬೊಟ್ಟು ಮಾಡಿದರು. ಎರಡನೇ ಮಹಡಿಯವರು ಅವಮಾನ ತಾಳಲಾರದೆ ಸರಿಯಾಗಿದ್ದ ಫ್ಲಷ್ಷನ್ನೇ ಬದಲಾಯಿಸಿದರು. ಗುಂಯ್ ನಿಲ್ಲಲಿಲ್ಲ. ಸೋರಿಸುತ್ತಿರುವವರು ಯಾರೆಂದು ಮುಂದಿನ ಮೀಟಿಂಗಿನಲ್ಲಿ ಸೆಕ್ರೆಟರಿ ಹೆಸರು ಹಿಡಿದು ಹೇಳಬೇಕು ಎಂದು ಎಲ್ಲರೂ ಪಟ್ಟು ಹಿಡಿದರು.

ಅಂಥದೊಂದು ಮಧ್ಯಾಹ್ನ ಹೆಂಡತಿಯ ಬ್ಲೌಸು ಬಿಗಿಯಾಯಿತೆಂದು ಹೊಲಿಗೆ ಬಿಡಿಸಲು ಪದ್ಮಕ್ಕನ ಮನೆಗೆ ಹೋದೆ. ಹಿಂಬದಿಯ ಪಾತ್ರೆ ತೊಳೆಯುವ ಜಾಗದಲ್ಲಿ ನಲ್ಲಿಯಿಂದ ದಾರದಷ್ಟು ನೀರು ಬಕೆಟ್ಟಿಗೆ ಬೀಳುತ್ತಿತ್ತು. ತುಂಬಿ ಚೆಲ್ಲಿದ್ದು ಕರಿಬೇವಿನ ಬುಡಕ್ಕೆ ಹರಿದಿತ್ತು. ವಾಷರ್ ಹೋಗಿರಬೇಕು ಎಂದುಕೊಂಡು ಬಗ್ಗಿ ನಲ್ಲಿ ತಿರುಗಿಸಿದೆ. ಸಲೀಸಾಗಿ ಮುಚ್ಚಿಕೊಂಡಿತು. ಪಕ್ಕದ ಪಂಪಿನ ಕೋಣೆಯ ಗುಂಯ್ ಸದ್ದು ತೆಳುವಾಗುತ್ತಾ ಹೋಗಿ ನಿಂತುಹೋಯಿತು. ಇಬ್ಬರಿಗೂ ಕೇಳಿಸಿತು.

ಪದ್ಮಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡರು. 'ನಾನೇ ಬಿಟ್ಟಿರ್ತೀನಿ ಸೆಕ್ರೆಟರಿಗಳೇ. ಅದು ಸದ್ದು ಮಾಡ್ತಿದ್ರೆ ಮನೇಲಿ ಯಾರೋ ಇದ್ದ ಹಾಗಿರುತ್ತೆ. ಮೊದ್ಲು ದಿನಾ ಯಾರಾದ್ರೂ ಒಬ್ರು ಕೂಗ್ತಿದ್ರಿ. ಈಗ ಯಾರಿಗೂ ನನ್ ಹತ್ರ ಕೆಲ್ಸ ಇಲ್ಲ.'

ನನಗೆ ಬೇಸರವಾಯಿತು. ಬ್ಲೌಸು ಕೊಟ್ಟು ಬಂದೆ. ಮೀಟಿಂಗಿನಲ್ಲಿ, ಎಲ್ಲೋ ಸೋರುತ್ತಿತ್ತು, ಈಗ ನಿಂತಿದೆ ಎಂದಷ್ಟೇ ಹೇಳಿದೆ. ಎಲ್ಲಿ ಎಂದು ಕೆದಕಿದರು. ಹಾಗಿದ್ದರೆ ಸೆಕ್ರೆಟರಿಯನ್ನು ಬದಲಾಯಿಸಿ ಎಂದೆ. ಎಲ್ಲರೂ ತಕ್ಷಣ ಮುಂದಿನ ವಿಷಯಕ್ಕೆ ಹಾರಿದರು.

ಆ ವಾರ ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ಬಗ್ಗಿ 'ಪದ್ಮಕ್ಕಾ' ಎಂದು ಕೂಗಿ ನೋಡಿದೆ. ಅವರು ಗಾಬರಿಯಿಂದ ಓಡಿಬಂದು, ನೀರು ನಿಂತುಹೋಯಿತೇ ಎಂದು ಕೇಳಿದರು. ಮುಂದೇನು ಹೇಳುವುದು? ನಾವು ನೆಪವಿಲ್ಲದೆ ಯಾರ ಮನೆಯ ಬಾಗಿಲನ್ನೂ ತಟ್ಟಿದವರಲ್ಲ. ಒಂದು ಲೋಟ ಸಕ್ಕರೆಯೋ ಹೆಪ್ಪಿಗೆ ಒಂದು ಚಮಚ ಮೊಸರೋ ಬೇಕೇ ಬೇಕು. ಕರಿಬೇವು ಎಂದೆ. ಕೊಟ್ಟರು. ಹಿಡಿಯಷ್ಟು ಕರಿಬೇವಿಗೆ ನೀರು ಮೇಲೇರುವಷ್ಟು ಹೊತ್ತು ಹಿಡಿಯುವುದಿಲ್ಲ, ಮಾತು ಅಲ್ಲಿಗೇ ಮುಗಿಯಿತು. ಮುಂದೆ ಅವರು ತಲಘಟ್ಟಪುರದಲ್ಲಿ ಮನೆ ಕಟ್ಟಿಸಿಕೊಂಡು ಹೊರಟುಹೋದರು. ನನ್ನ ಹತ್ತಿರ ಅವರ ನಂಬರಿದೆ. ಕೆಲಸ ಬೀಳದೆ ಇದ್ದುದರಿಂದ ಒಮ್ಮೆಯೂ ಫೋನು ಮಾಡಿರಲಿಲ್ಲ.

ಸ್ವಿಚ್ ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಹಸಿರು ಗುಂಡಿ ಬೆರಳಿನ ಗುರುತಿಗೆ ಸವೆದಿದೆ. ಒತ್ತಿ ನೋಡಿದೆ, ಟಕ್ ಎಂದಿತು. ಆಮೇಲೆ ಪದ್ಮಕ್ಕನಿಗೆ ಫೋನು ಹಚ್ಚಿದೆ. ಹೊಲಿಗೆ ಮಿಷನ್ನಿನ ಸದ್ದಿನ ನಡುವೆ ಅದೇ ಧ್ವನಿ. 'ಏನ್ ಸೆಕ್ರೆಟರಿಗಳೇ, ನೀರ್ ಬರ್ತಿಲ್ವಾ?'

ನಿಮ್ಮ ಸ್ವಿಚ್ ಸಿಕ್ಕಿದೆ, ಬೇಕಾ ಎಂದು ಕೇಳಬಹುದಿತ್ತು. ನೆಪ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲೆಯೇ ಬಿಟ್ಟೆ.

'ಬರ್ತಿದೆ ಪದ್ಮಕ್ಕ. ಏನೂ ಕೆಲ್ಸ ಇರ್ಲಿಲ್ಲ. ಸುಮ್ನೆ ಮಾಡ್ದೆ.'

ಆ ಕಡೆ ಮಿಷನ್ ನಿಂತಿತು. 'ಇರಿ, ಒಂದ್ನಿಮಿಷ' ಎಂದರು. 'ಕುರ್ಚಿ ಎಳ್ಕೊಂಡು ಕೂತ್ಕೋತೀನಿ.'