ಕೆನೆಬಣ್ಣದ ಅಪ್ಪ, ಹೊಂಬಣ್ಣದ ಮರಿ

ಮಾನ್ವಿಯ ಪಂಪಾಪತಿಯವರ ರೈಸ್‌ಮಿಲ್ಲಿನ ಹಿಂದಿನ ಕುದುರೆ ಲಾಯ. ಈಗಷ್ಟೇ ಬೆಳಕು ಹರಿಯುತ್ತಿದೆ. ಕೆಂಪು ಹೆಣ್ಣುಕುದುರೆ ಮರಿ ಹಾಕಿದೆ. ಖಾಸಿಂ ಬೀ ಆ ಮರಿಯ ಒದ್ದೆ ಮೈಯನ್ನು ಗೋಣಿತಟ್ಟಿನಿಂದ ಒರೆಸುತ್ತಿದ್ದಾರೆ. ಬಾಗಿಲಲ್ಲಿ ಪಂಪಾಪತಿ ಮರಿಯ ಬಣ್ಣ ನೋಡಲು ಕಾದು ನಿಂತಿದ್ದಾರೆ. ಮರಿ ಹೊಂಬಣ್ಣದ್ದೇ ಆಗುತ್ತದೆಂದು ಖಾಸಿಂ ಬೀ ಮಾತು ಕೊಟ್ಟಾಗಿದೆ. ಮಾತು ತಪ್ಪಿದರೆ ಮರಿಯ ಅಪ್ಪ ಚಂದ್ರನನ್ನು ಲಾಯದಿಂದ ಸಾಗಹಾಕುತ್ತೇನೆಂದು ಧಣಿ ಹೇಳಿಬಿಟ್ಟಿದ್ದಾರೆ.

ಐವತ್ತೆಂಟರ ಈ ಹೆಣ್ಣುಮಗಳು ಗಂಡ ತೀರಿಕೊಂಡಂದಿನಿಂದ, ಅಂದರೆ ಮೂವತ್ತು ವರ್ಷದಿಂದ, ಧಣಿಯ ಈ ಲಾಯದಲ್ಲಿ ಮದುವೆ ಮೆರವಣಿಗೆಯ ಕುದುರೆ ಸಾಕುತ್ತಿದ್ದಾರೆ. ಐದು ಕುದುರೆ, ದಿನಕ್ಕೆ ನಲವತ್ತು ಕೊಡ ನೀರು. ದೇವದುರ್ಗದಿಂದ ರಾಯಚೂರಿನವರೆಗೆ ಮದುಮಗನನ್ನು ಹೊತ್ತ ಕುದುರೆಯನ್ನು ಎಲ್ಲರೂ ಕಣ್ತುಂಬ ನೋಡುತ್ತಾರೆ. ತಿಕ್ಕಿ ತೊಳೆದವರು ಯಾರೆಂದು ಯಾರಪ್ಪಾ ಕೇಳುತ್ತಾರೆ?

ನಾಲ್ಕು ವರ್ಷದ ಹಿಂದೆ ಧಣಿ ಹಟ ಹಿಡಿದು ಹೊಂಬಣ್ಣದ ಜೋಡಿಯನ್ನೇ ಕೂಡಿಸಿದ್ದರು. ಹುಟ್ಟಿದ್ದು ಮಾತ್ರ ಕೆನೆಬಣ್ಣದ ಚಂದ್ರ. ಗುಲಾಬಿ ಮೂತಿ, ನೀಲಿ ಕಣ್ಣು. ನಮ್ಮ ಕಡೆಯ ಬಿಸಿಲಿಗೆ ಅದು ಕಣ್ಣು ಕಿರಿದು ಮಾಡಿದ್ದೇ ತಡ, ಕುರುಡು ಅಂತ ಊರೇ ತೀರ್ಮಾನ ಕೊಟ್ಟಿತು. ಖಾಸಿಂ ಬೀ ಜಗ್ಗಲಿಲ್ಲ. ಅದರ ಮುಖದ ಮುಂದೆ ಸದ್ದಿಲ್ಲದೆ ಸೆರಗು ಆಡಿಸಿದರು. ನೀಲಿ ಕಣ್ಣು ಸೆರಗಿನ ಹಿಂದೆಯೇ ಹೋಯಿತು. ಹಳೇ ಸೀರೆ ಹರಿದು ಅದರ ಹಣೆಗೆ ನೆರಳು ಕಟ್ಟಿದರು.

ಬಣ್ಣ ತಿಳಿಯಾಗಿಸುವ ವಂಶವಾಹಿ ತಂದೆ ಅಥವಾ ತಾಯಿಯಿಂದ ಒಂದು ಬಂದರೆ ಕೆಂಪು ಕುದುರೆ ಹೊಂಬಣ್ಣಕ್ಕೆ ತಿರುಗುತ್ತದೆ, ತಂದೆತಾಯಿ ಇಬ್ಬರಿಂದಲೂ ಬಂದರೆ ಕೆನೆಬಣ್ಣವಾಗುತ್ತದೆ ಎನ್ನುತ್ತಾರೆ ಪಶುವೈದ್ಯೆ ಅನುರಾಧಾ. ಶಾಲೆಯ ಮೆಟ್ಟಿಲು ಹತ್ತದ ಖಾಸಿಂ ಬೀ ಹೇಳುವುದೂ ಅದನ್ನೇ.

“ಚಹಾಕ್ಕ ಒಂದ್ ಪಾಲು ಹಾಲು ಹಾಕಿದ್ರ ಬಣ್ಣ ತಿಳಿ ಆಗ್ತದ. ಎರಡು ಪಾಲು ಹಾಕಿದ್ರ ಬರೇ ಹಾಲ ಕಾಣ್ತದ. ಕೆಂಪು ತಾಯಿ ಬರೇ ಚಹಾ, ಚಂದ್ರನ ಹತ್ರ ಎರಡೂ ಪಾಲು ಅದಾವ್ರಿ. ಮರಿಗೆ ಒಂದು ತಪ್ಪದ ಕೊಡ್ತಾನ.”

ಬಿಸಿಲು ಲಾಯದೊಳಕ್ಕೆ ಬೀಳುತ್ತದೆ. ಒಣಗಿದ ಮರಿಯ ಮೈ ಹೊಂಬಣ್ಣ, ಬಾಲ ಬಿಳಿ. ಧಣಿ ಮಗುವಿನಂತೆ ನಗುತ್ತಾ ಏನು ಬೇಕೋ ಕೇಳು ಎನ್ನುತ್ತಾರೆ. ಇಷ್ಟು ವರ್ಷ ಮೆರವಣಿಗೆಯಲ್ಲಿ ಲಗಾಮು ಹಿಡಿದು ನಡೆದವರೆಲ್ಲ ಗಂಡಸರೇ. ಖಾಸಿಂ ಬೀ ಲಾಯ ದಾಟಿದ್ದಿಲ್ಲ.

“ಈ ಮರಿ ದೊಡ್ಡದಾಗಿ ಮೊದಲನೇ ಮೆರವಣಿಗಿಗೆ ಹೊಂಟಾಗ ಲಗಾಮು ನನ್ನ ಕೈಯಾಗ ಕೊಡ್ರಿ ಧಣ್ಯಾರ. ಇನ್ನೊಂದು ಕೈಯಾಗ ಅವರಪ್ಪನ್ನ ಹಿಡಕೊಂಡು ಬರ್ತೀನಿ. ಕುರುಡ ಅಂದವ್ರ ಮನಿ ಮುಂದ ಹಾದು ಹೋಗೂಣು.”