ಗಿರಣಿ ಬಾಗಿಲಿನ ಏಳು ಗೆರೆ

ಆ ಹಳೆಯ ಉದ್ಯಾನದಲ್ಲಿ ಅವಳನ್ನು ಎಲ್ಲರೂ ಹಕ್ಕಿಯಕ್ಕ ಎಂದೇ ಕರೆಯುತ್ತಿದ್ದರು. ನೋಡಲು ಬಂದವರನ್ನು ಋತುವಿಗೆ ತಕ್ಕಂತೆ ಸುತ್ತಾಡಿಸುವುದು ಅವಳ ಕೆಲಸ, ಇಪ್ಪತ್ತೊಂದು ವರ್ಷದಿಂದ. ಚಳಿಗಾಲದಲ್ಲಿ ಕೆರೆಗಿಳಿಯುವ ಬಾತುಗಳು, ವಸಂತದಲ್ಲಿ ಸಾಲುಮರದ ಹೂವು ಮತ್ತು ಜೇನು, ಬೇಸಿಗೆಯಲ್ಲಿ ಇನ್ನೂರು ವರ್ಷದ ಕಲ್ಲುಮನೆಯ ತಂಪು ನೆಲಮಾಳಿಗೆ, ಮಳೆ ನಿಂತ ಮೇಲೆ ಹೊಳೆದಂಡೆಯ ನೀರುಗಿರಣಿ. ಯಾವ ಬಾತು ಯಾವ ವಾರ ಬರುತ್ತದೆ, ಗಿರಣಿಯ ಕಲ್ಲು ಯಾವ ಗಣಿಯದು, ಎಲ್ಲವೂ ಅವಳಿಗೆ ಬಾಯಿಪಾಠ. ಇಪ್ಪತ್ತೊಂದು ವರ್ಷದಲ್ಲಿ ಒಂದು ಇಸವಿಯನ್ನೂ ತಪ್ಪಿ ಹೇಳಿದವಳಲ್ಲ. ಕೇಳುವವರು ಆಗಾಗ ಆಕಳಿಸುತ್ತಿದ್ದರು ನಿಜ. ಆದರೆ ಅದನ್ನು ಅವಳು ಬೆಳಗಿನ ಹೊತ್ತಿನ ನಿದ್ದೆ ಎಂದುಕೊಂಡಿದ್ದಳು.

ಅವಳ ಮೈದುನನ ಹೆಂಡತಿ, ಅಂದರೆ ಓರಗಿತ್ತಿ, ಅದೇ ಮನೆಯಲ್ಲಿದ್ದಳು. ಒಂಬತ್ತು ವರ್ಷ ಒಂದೇ ಅಡುಗೆಮನೆ, ಒಂದೇ ಒಲೆ. ಅವಳು ಕೆಲಸ ಮಾಡುತ್ತಿದ್ದ ಹೊಲಿಗೆ ಅಂಗಡಿ ಮುಚ್ಚಿದಾಗ, ಮನೆಯಲ್ಲಿ ಕೂತು ಬೇಸರಪಡುತ್ತಾಳೆಂದು ಹಕ್ಕಿಯಕ್ಕನೇ ಉದ್ಯಾನದ ಮೇಲ್ವಿಚಾರಕರ ಹತ್ತಿರ ಮಾತಾಡಿ ಟಿಕೆಟ್ ಕಿಟಕಿಯ ಕೆಲಸ ಕೊಡಿಸಿದಳು. "ಕೈಯಾರೆ ಹಳ್ಳ ತೋಡಿಕೊಂಡೆ," ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಅಂದುಕೊಂಡಿದ್ದಾಳೆ.

ಶುರುವಾದದ್ದು ಒಂದು ಗಂಟಲು ನೋವಿನಿಂದ. ಗಿರಣಿ ಕಾರ್ಯಕ್ರಮದ ದಿನ ಹಕ್ಕಿಯಕ್ಕನ ಧ್ವನಿಯೇ ಹೊರಡಲಿಲ್ಲ. ಮೂವತ್ತು ಜನ ಗೇಟಿನಲ್ಲಿ ನಿಂತಿದ್ದರು. "ಇವತ್ತೊಂದಿನ ನಾನು ಹೋಗಿ ಬರ್ತೀನಿ ಅಕ್ಕ, ನೀವು ಹೇಳೋದನ್ನ ಕೇಳಿ ಕೇಳಿ ನನಗೂ ಬಂದುಬಿಟ್ಟಿದೆ," ಎಂದು ಓರಗಿತ್ತಿ ಕಿಟಕಿ ಮುಚ್ಚಿ ಹೊರಟಳು. ಹಕ್ಕಿಯಕ್ಕ ಬಿಸಿನೀರಿನ ಲೋಟ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಹೊಳೆ ಕಡೆಯಿಂದ ಮೊದಲು ನಗು ಕೇಳಿಸಿತು. ಆಮೇಲೆ ಚಪ್ಪಾಳೆ. ಗಿರಣಿಯ ಹತ್ತಿರ ಯಾರಾದರೂ ಚಪ್ಪಾಳೆ ತಟ್ಟಬಹುದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಮುಂದಿನ ವಾರದಿಂದ ಜನ ಗೇಟಿನಲ್ಲಿ ಕೇಳತೊಡಗಿದರು: "ಗಿರಣಿ ತೋರಿಸೋದು ಆ ಟಿಕೆಟ್ ಮೇಡಂ ತಾನೆ?" ಮೇಲ್ವಿಚಾರಕರು ಗಿರಣಿಯನ್ನು ಓರಗಿತ್ತಿಗೇ ವಹಿಸಿದರು. "ನಿಮಗೂ ಸ್ವಲ್ಪ ಹಗುರ ಆಗುತ್ತೆ," ಅಂದರು. ಹೆಸರು ಬರೆಸುವ ಪುಸ್ತಕವನ್ನು ದಾರ ಕಟ್ಟಿದ ಪೆನ್ನಿನ ಸಮೇತ ಗೇಟಿನ ಬಳಿ ಇಟ್ಟಿರುತ್ತಿದ್ದರು. ಹಕ್ಕಿಯಕ್ಕ ದಿನಕ್ಕೆ ನಾಲ್ಕು ಸಲ ಅದನ್ನು ತೆರೆದು ನೋಡುತ್ತಿದ್ದಳು. ಗಿರಣಿಯ ಪುಟ ತುಂಬಿ ಅಂಚಿನಲ್ಲೂ ಹೆಸರು. ಅವಳದೇ ಬೆಳಗಿನ ಹಕ್ಕಿ ನಡಿಗೆಯ ಪುಟದಲ್ಲಿ ಐದು, ಅದರಲ್ಲಿ ಒಂದನ್ನು ಯಾರೋ ಹೊಡೆದುಹಾಕಿದ್ದರು.

ಹೊಟ್ಟೆಕಿಚ್ಚಿಗೆ ಮನೆ, ಕಚೇರಿ ಎಂಬ ಭೇದವಿಲ್ಲ. ಸಂಜೆ ಓರಗಿತ್ತಿ ಹಾಡು ಗುನುಗುತ್ತ ಪಾತ್ರೆ ತೊಳೆದರೆ ಹಕ್ಕಿಯಕ್ಕನಿಗೆ ಮೈಯೆಲ್ಲ ಮುಳ್ಳು. ಅವಳ ಚಪಾತಿ ಉಬ್ಬಿದರೂ ಸಂಕಟ, ಉಬ್ಬದಿದ್ದರೆ ಒಳಗೊಳಗೇ ಸಮಾಧಾನ. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನ ಗ್ಯಾಸ್ ಖಾಲಿಯಾಯಿತೆಂದು ಗಲಾಟೆಯಾದಾಗ, "ಯಾಕೆ ಪೇಚಾಡ್ತೀರಾ? ದೊಡ್ಡ ಸೊಸೆ ಹೊಟ್ಟೆ ಮೇಲೆ ಪಾತ್ರೆ ಇಡಿ, ಅನ್ನ ಬೆಂದುಹೋಗುತ್ತೆ," ಅಂದರು. ಮನೆಯವರೆಲ್ಲ ನಕ್ಕರು. ಓರಗಿತ್ತಿ ಮಾತ್ರ ನಗದೆ ತಲೆ ತಗ್ಗಿಸಿದಳು. ಅವಳ ಆ ಮರ್ಯಾದೆಯೇ ಹಕ್ಕಿಯಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಉರಿ ಹತ್ತಿಸಿತು.

ಹೀಗಿರುವಾಗ ಒಂದು ಸಂಜೆ ಇಬ್ಬರೂ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು. ಓರಗಿತ್ತಿ ಕೇಳಿದಳು:

"ಅಕ್ಕಾ, ಗಿರಣಿ ಬಾಗಿಲ ಚೌಕಟ್ಟಿನಲ್ಲಿ ಏಳು ಗೆರೆ ಕೊರೆದಿದ್ದಾರಲ್ಲ, ಏನದು? ನೀವು ಯಾವತ್ತೂ ಹೇಳಿಲ್ಲ."

ಅದೇನೆಂದು ಹಕ್ಕಿಯಕ್ಕನಿಗೆ ಗೊತ್ತಿತ್ತು. ಹೊಳೆ ಉಕ್ಕಿ ಗಿರಣಿಯೊಳಗೆ ನುಗ್ಗಿದ ಏಳು ವರ್ಷ, ನೀರು ಎಲ್ಲಿವರೆಗೆ ಬಂದಿತ್ತೆಂಬ ಗುರುತು ಅದು. ಕಲ್ಲುಮನೆಯ ಹಳೆಯ ಕಾಗದಗಳಲ್ಲಿ ತಾನೇ ಓದಿ ಕಂಡುಕೊಂಡಿದ್ದಳು. ಹೇಳಬೇಕೆಂದು ಬಾಯಿ ತೆರೆದಳು. ಆದರೆ ಹೊರಬಂದದ್ದು ಬೇರೆ.

"ಗಿರಣಿಯವನಿಗೆ ಒಬ್ಬಳೇ ಮಗಳು," ಅಂದಳು. "ಹುಟ್ಟಿದ ದಿನ ಬಂದಾಗೆಲ್ಲ ಅವಳನ್ನ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ನೆತ್ತಿ ಮಟ್ಟಕ್ಕೆ ಒಂದು ಗೆರೆ ಎಳೀತಿದ್ದ."

"ಅಯ್ಯೋ! ಆಮೇಲೆ?"

"ಕೊನೇ ಎರಡು ಗೆರೆ ನಡುವೆ ಬೆರಳಷ್ಟೇ ಅಂತರ ಇದೆ, ನೋಡಿದ್ದೀಯಾ? ಆ ವರ್ಷ ಅವಳು ಬೆಳೀಲಿಲ್ಲ. ಕಾಯಿಲೆ."

"ಆಮೇಲೆ?"

"ಆಮೇಲೆ ಗೆರೆ ಇಲ್ಲ."

ಓರಗಿತ್ತಿಯ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಕಣ್ಣು ತುಂಬಿತು. ಹಕ್ಕಿಯಕ್ಕ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ನಾರು ತೆಗೆಯುವುದನ್ನು ಮುಂದುವರಿಸಿದಳು. ತಿಳಿದವರು ಯಾರಾದರೂ ಗುಂಪಿನಲ್ಲಿ ಇದ್ದೇ ಇರುತ್ತಾರೆ, ಎಲ್ಲರೆದುರು ಇವಳ ಬಾಯಿ ಮುಚ್ಚಿಸುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಆ ಭಾನುವಾರ ಅವಳು ಬೇಲಿಗಿಡಗಳ ಹಿಂದೆ ನಿಂತು ಕಾದಳು. ಓರಗಿತ್ತಿ ಗುಂಪನ್ನು ಬಾಗಿಲ ಮುಂದೆ ನಿಲ್ಲಿಸಿದಳು. ಕೆಳಗಿನ ಗೆರೆಯ ಮೇಲೆ ಅಂಗೈ ಇಟ್ಟು, "ಇಷ್ಟೇ ಇದ್ದಳು," ಅಂದಳು. ಒಂದೊಂದೇ ಗೆರೆ ಹತ್ತುತ್ತಾ ಕೈ ಮೇಲೆ ಹೋಯಿತು. ಕೊನೆಯ ಗೆರೆಯ ಮೇಲೆ ಕೈ ನಿಂತಿತು. ಹೊಳೆಯ ಸದ್ದೊಂದೇ. ಒಬ್ಬ ಮುದುಕಿ ಮುಂದೆ ಬಂದು ಆ ಗೆರೆಯನ್ನು ಬೆರಳಿನಿಂದ ಸವರಿದಳು. ಗಟ್ಟಿಮುಟ್ಟಾದ ಗಂಡಸೊಬ್ಬ ಮುಖ ತಿರುಗಿಸಿ ಮೂಗು ಒರೆಸಿಕೊಂಡ.

ಯಾರೂ ಬಾಯಿ ಮುಚ್ಚಿಸಲಿಲ್ಲ. ಎರಡೇ ತಿಂಗಳಲ್ಲಿ ಗಿರಣಿಯವನ ಮಗಳು ಊರಿಗೆಲ್ಲ ಗೊತ್ತಾದಳು. ಜನ ಹೂವು ತಂದು ಬಾಗಿಲಲ್ಲಿಟ್ಟು ಹೋದರು. ಶಾಲೆಗಳು ದಿನ ಕೇಳಿ ಪತ್ರ ಬರೆದವು. ಹಕ್ಕಿ ನಡಿಗೆಗೆ ಬಂದ ನಾಲ್ವರಲ್ಲಿ ಇಬ್ಬರು, "ಬೇಗ ಮುಗಿದರೆ ಆ ಹುಡುಗಿ ಗಿರಣಿಗೂ ಹೋಗಿಬರಬಹುದಾ?" ಎಂದು ಕೇಳಿದರು.

ಸುಳ್ಳು ಹೇಳಿದ್ದಕ್ಕೆ ಹಕ್ಕಿಯಕ್ಕನಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಒಂದಿಷ್ಟು. ಆದರೆ ಅದಕ್ಕಿಂತ ದೊಡ್ಡದೊಂದು ಸಂಕಟ ಎದೆಯಲ್ಲಿ ಕೂತಿತು: ಕಥೆ ನನ್ನದು. ಆ ಮಗಳನ್ನು ಹುಟ್ಟಿಸಿದವಳು ನಾನು, ಕಾಯಿಲೆ ಬರಿಸಿದವಳು ನಾನು, ಜನರ ಕಣ್ಣೀರು ಮಾತ್ರ ಅವಳ ಪಾಲಿಗೆ. ಒಮ್ಮೆ ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ಅದೇ ಕಥೆಯನ್ನು ತಾನು ಹೇಳಿ ನೋಡಿದಳು. ಬಾತುಗಳ ಪಟ್ಟಿ ಓದಿದ ಹಾಗೆ ಕೇಳಿಸಿತು. ಅರ್ಧಕ್ಕೇ ನಿಲ್ಲಿಸಿದಳು.

ಚಳಿಗಾಲದ ಮೊದಲ ವಾರ ಮೇಲ್ವಿಚಾರಕರು ಇಬ್ಬರನ್ನೂ ಕಚೇರಿಗೆ ಕರೆದರು. ಮೇಜಿನ ಮೇಲೆ ದೊಡ್ಡ ಹಾಳೆಯೊಂದು ಹರಡಿತ್ತು. ಗಿರಣಿಯ ಮುಂದೆ ನಿಲ್ಲಿಸುವ ಫಲಕದ ನಕಲು. ಮೇಲೆ 'ಗಿರಣಿಯವನ ಮಗಳು' ಎಂಬ ಶೀರ್ಷಿಕೆ, ನಡುವೆ ಕಥೆ, ಕೆಳಗೆ ದಪ್ಪಕ್ಷರದಲ್ಲಿ ಓರಗಿತ್ತಿಯ ಹೆಸರು.

"ಇಸವಿಗಳನ್ನ ನೀವೊಂದು ಸಲ ನೋಡಿಬಿಡಿ," ಎಂದು ಮೇಲ್ವಿಚಾರಕರು ಹಕ್ಕಿಯಕ್ಕನ ಕೈಗೆ ಪೆನ್ಸಿಲ್ ಕೊಟ್ಟರು. "ನೀವು ನೋಡಿದ ಮೇಲೆ ತಪ್ಪು ಅನ್ನೋ ಮಾತೇ ಇಲ್ಲ."

ಅವಳು ಆ ಹೆಸರನ್ನೇ ನೋಡಿದಳು. ಪೆನ್ಸಿಲನ್ನು ಹಾಳೆಯ ಮೇಲಿಟ್ಟಳು.

"ಅದು ನಂದು," ಅಂದುಬಿಟ್ಟಳು.

"ಏನು ನಿಮ್ಮದು?"

"ಕಥೆ. ಅವಳದಲ್ಲ, ನಂದು. ನಾನು ಕಟ್ಟಿದ್ದು."

"ಕಟ್ಟಿದ್ದು ಅಂದ್ರೆ?"

ಆಗ ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಹಿಂದೆ ಹೋಗಲು ದಾರಿಯಿರಲಿಲ್ಲ. "ಮಗಳೂ ಇಲ್ಲ, ಕಾಯಿಲೆಯೂ ಇಲ್ಲ ಸರ್. ಅವು ಪ್ರವಾಹದ ಗೆರೆಗಳು. ಕಲ್ಲುಮನೆ ಕಾಗದದಲ್ಲಿ ಇಸವಿ ಸಮೇತ ಇದೆ. ಇವಳಿಗೆ ಬೇಕಂತಲೇ ಸುಳ್ಳು ಹೇಳಿದೆ."

ಮೇಲ್ವಿಚಾರಕರು ಕನ್ನಡಕ ತೆಗೆದರು. ನಂಬಲಾಗದವರಂತೆ, "ನೀವು? ನಿಮಗೆ ಕಥೆ ಕಟ್ಟೋಕೆ ಬರುತ್ತಾ?" ಅಂದರು.

ಅವಮಾನದ ನಡುವೆಯೂ ಆ ಪ್ರಶ್ನೆ ಅವಳಿಗೆ ತುಸು ಹಿತವಾಯಿತು. ಅದನ್ನು ಅವಳೇ ಆಮೇಲೆ ಒಪ್ಪಿಕೊಂಡಿದ್ದಾಳೆ.

ಬಸ್ಸಿನಲ್ಲಿ ಓರಗಿತ್ತಿ ಎರಡು ಸೀಟು ಮುಂದೆ ಕೂತಳು. ಮನೆಗೆ ಬಂದು, ಚೀಲವನ್ನು ಗೂಟಕ್ಕೆ ಸಿಕ್ಕಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಷ್ಟು ಜನರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲ ಅಕ್ಕ. ನಾನೇನು ಮಾಡಿದ್ದೆ ನಿಮಗೆ?"

"ಏನೂ ಮಾಡಿಲ್ಲ," ಎಂದಳು ಹಕ್ಕಿಯಕ್ಕ. "ನೀನು ಬಾಯಿ ಬಿಟ್ಟರೆ ಜನ ಕೇಳ್ತಾರೆ. ಅಷ್ಟೇ. ನನಗೆ ಅದನ್ನ ನೋಡೋಕಾಗಲ್ಲ ಕಣೇ."

"ಹಾಗಂತ ಮೊದಲೇ ಹೇಳಿದ್ದಿದ್ರೆ ಗಿರಣಿ ಬಿಟ್ಟುಬಿಡ್ತಿದ್ದೆ."

"ಗೊತ್ತು. ಬಿಟ್ಟಿದ್ರೆ ಅದಕ್ಕೂ ಉರೀತಿತ್ತು."

ಮೂರು ವಾರ ಇಬ್ಬರ ನಡುವೆ ಉಪ್ಪು, ನೀರು ಎಂಬಷ್ಟೇ ಮಾತು.

ಮೇಲ್ವಿಚಾರಕರು ಆ ಚಳಿಗಾಲ ಪೂರ್ತಿ ಹಕ್ಕಿಯಕ್ಕನನ್ನು ಟಿಕೆಟ್ ಕಿಟಕಿಯಲ್ಲಿ ಕೂರಿಸಿದರು. ಬಾತುಗಳು ಬಂದವು, ಅವಳಿಲ್ಲದೆಯೇ. ಇತ್ತ ಓರಗಿತ್ತಿ ಗಿರಣಿಯ ಬಾಗಿಲಲ್ಲಿ ನಿಂತು, "ನಾನು ನಿಮಗೆ ಹೇಳಿದ್ದು ತಪ್ಪು. ಇಲ್ಲಿ ಬೆಳೆದದ್ದು ಮಗಳಲ್ಲ, ಹೊಳೆ," ಎಂದು ಶುರುಮಾಡಿದಳು. ತಪ್ಪು ಯಾರದೆಂದು ಹೇಳಲಿಲ್ಲ. ಕೆಲವರು ಸಿಟ್ಟಾದರು. ಹೂವು ತರುತ್ತಿದ್ದ ಒಬ್ಬಳು ಮತ್ತೆ ಬರಲೇ ಇಲ್ಲ. ಉಳಿದವರು ಗೆರೆಯ ಮೇಲೆ ಅಂಗೈ ಇಟ್ಟು, ನೀರು ತಮ್ಮ ಎದೆಯವರೆಗೆ ಬಂದಂತೆ ಉಸಿರು ಬಿಗಿಹಿಡಿದರು. ಕೊನೆಗೆ ಮೊದಲಿಗಿಂತ ಜೋರು ಚಪ್ಪಾಳೆ. ಕಿಟಕಿಯಲ್ಲಿ ಕೂತ ಹಕ್ಕಿಯಕ್ಕ ಚಿಲ್ಲರೆ ಕೊಡುವುದನ್ನು ಮರೆತು ಕೇಳಿಸಿಕೊಂಡಳು. ತನ್ನದೇ ಇಸವಿಗಳು, ತಾನು ಒಂದೊಂದೇ ಕಾಗದ ಬಿಡಿಸಿ ಹುಡುಕಿದ್ದು. ಅವಕ್ಕೂ ಚಪ್ಪಾಳೆ ಬೀಳುತ್ತದೆ, ಅವಳು ಹೇಳಿದರೆ.

ವಸಂತದಲ್ಲಿ ಅವಳಿಗೆ ಹಕ್ಕಿ ನಡಿಗೆ ವಾಪಸು ಸಿಕ್ಕಿತು. ಮುಂದಿನ ವರ್ಷ ಮೇಲ್ವಿಚಾರಕರು ಯಾವ ಋತುವಿನಲ್ಲಿ ಯಾವ ಕಾರ್ಯಕ್ರಮ, ಯಾವ ದಿನ ಎಂದು ಗೊತ್ತುಮಾಡುವ ಜವಾಬ್ದಾರಿಯನ್ನೇ ಓರಗಿತ್ತಿಗೆ ಕೊಟ್ಟರು. ಈಗ ಹಕ್ಕಿಯಕ್ಕ ರಜೆ ಬೇಕಾದರೂ ಅವಳ ಸಹಿ ಹಾಕಿಸಬೇಕು. ಮನೆಯಲ್ಲೇ ಕೇಳಬಹುದು. ಆದರೂ ಅವಳು ಅರ್ಜಿ ಬರೆದು ಕಚೇರಿಯ ಮೇಜಿನ ಮೇಲಿಟ್ಟು ಬರುತ್ತಾಳೆ.

ಹೋದ ಸಲ ಋತುಪಟ್ಟಿ ಗೋಡೆಗೆ ಅಂಟಿಸಿದಾಗ ಹಕ್ಕಿಯಕ್ಕ ತನ್ನ ಸಾಲನ್ನು ಹುಡುಕಿದಳು. ಬಾತುಗಳು ಇಳಿಯುವ ಮೊದಲ ಭಾನುವಾರ, ಮಂಜು ಕರಗುವ ಹೊತ್ತು, ಬೇರೆ ಯಾವ ಕಾರ್ಯಕ್ರಮದ ಪೈಪೋಟಿಯೂ ಇಲ್ಲ. ಇಡೀ ವರ್ಷದ ಅತಿ ಒಳ್ಳೆಯ ದಿನ. ಗಿರಣಿಗೆ ಓರಗಿತ್ತಿ ಇಟ್ಟುಕೊಂಡದ್ದು ಬುಧವಾರ ಮಧ್ಯಾಹ್ನ. ಆ ಭಾನುವಾರ ಹಕ್ಕಿಯಕ್ಕನ ಜೊತೆ ಹನ್ನೊಂದು ಜನ ನಡೆದರು. ಹಕ್ಕಿ ನಡಿಗೆಗೆ ಅಷ್ಟು ಜನ ಎಂಟು ವರ್ಷದಲ್ಲಿ ಬಂದಿರಲಿಲ್ಲ.

ಸಂಜೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತ ಅವಳು ಅದನ್ನು ಹೇಳಿದಳು.

"ಒಳ್ಳೇದೇ ಆಯ್ತಲ್ಲ," ಅಂದರು ಅತ್ತೆ. "ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ?"

"ಎಲ್ಲಿಂದ ತಣ್ಣಗಾಗುತ್ತೆ ಅತ್ತೆ?" ಹಕ್ಕಿಯಕ್ಕ ಬಟ್ಟಲು ಕೆಳಗಿಟ್ಟಳು. "ಒಳ್ಳೆ ದಿನವನ್ನ ನನಗೇ ಕೊಟ್ಟಿದ್ದಾಳೆ. ಅವಳ ಜಾಗದಲ್ಲಿ ನಾನಿದ್ದಿದ್ರೆ ಕೊಡ್ತಿರಲಿಲ್ಲ. ಅದರಲ್ಲೂ ನನಗಿಂತ ಮೇಲೇ ಆಗ್ಬಿಟ್ಲು."