ಡಮ್ ಡಮ್‌ನ ಯಂತ್ರ ಒದರಿದ್ದು

ನನ್ನ ಗಂಡ ಬದನೆಕಾಯಿ ಕೊಳ್ಳುವಾಗಲೂ ತೂತಿದೆಯೇ ಎಂದು ಒಂದೊಂದನ್ನೇ ತಿರುವಿ ನೋಡುವ ಮನುಷ್ಯ. ಸರ್ಕಾರಿ ಲೆಕ್ಕಪರಿಶೋಧನೆಯ ಕೆಲಸ ಅವರನ್ನು ಹಾಗೆ ಮಾಡಿತೋ, ಹಾಗಿದ್ದುದಕ್ಕೇ ಆ ಕೆಲಸ ಸಿಕ್ಕಿತೋ ನನಗೆ ಇನ್ನೂ ತಿಳಿದಿಲ್ಲ. ಇಂಥವರ ಕೈಗೆ ನನ್ನ ತಾಳಿ ಹುಡುಕುವ ಕೆಲಸ ಬಿದ್ದದ್ದು ನನ್ನ ಹಣೆಬರಹ.

ದೂರದ ಬಂಗಾಳದಲ್ಲಿ, ಜೋಕಾದ ಹತ್ತಿರ ನಮ್ಮ ಕ್ವಾರ್ಟರ್ಸು. ನೆಲಮಹಡಿಯ ಮನೆ, ಮುಂದೆ ಒಂದು ಚೂರು ಮಣ್ಣು. ಅಲ್ಲಿ ಟೊಮೆಟೊ ಸಾಲಿನ ಕಳೆ ಕೀಳುವಾಗ ಕೊರಳ ಸರ ಗಿಡಕ್ಕೆ ಸಿಕ್ಕಿ ಹರಿಯಿತು. ಕರಿಮಣಿ ಸಿಕ್ಕವು, ಒಂದು ತಾಳಿಯೂ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ನಮ್ಮ ಧಾರವಾಡದ ಕಡೆ ಎರಡು ತಾಳಿ ಕಟ್ಟುತ್ತಾರೆ, ಅತ್ತೆಮನೆಯದೊಂದು, ತವರುಮನೆಯದೊಂದು. ಕಳೆದದ್ದು ತವರಿನದು. ಅವ್ವ ತನ್ನ ಕಿವಿಯ ಬುಗುಡಿ ಕರಗಿಸಿ ಮಾಡಿಸಿದ್ದು. ಅವ್ವ ಈಗಿಲ್ಲ. ಅವಳದೆಂದು ನನ್ನ ಮೈಮೇಲೆ ಇದ್ದದ್ದು ಅದೊಂದೇ.

"ಇನ್ನೊಂದು ಐತಲ್ಲ" ಎಂದರು ಇವರು. ಸಮಾಧಾನಕ್ಕೆ ಹೇಳಿದ ಮಾತು, ಗೊತ್ತು. ಆದರೂ ಮೈಯೆಲ್ಲ ಉರಿದುಹೋಯಿತು.

ಹಿಟ್ಟಿನ ಜರಡಿಯಲ್ಲಿ ಮಣ್ಣು ಸಾಣಿಸಿ ನೋಡಿದೆ. ಈ ಊರಿನ ಹಸಿ ಜೇಡಿ ಜರಡಿಯಲ್ಲಿ ಮುದ್ದೆಯಾಗಿ ಕೂತಿತೇ ಹೊರತು ಕೆಳಗೆ ಇಳಿಯಲಿಲ್ಲ. ಆಗ ಇವರಿಗೆ ಹೊಳೆದದ್ದು ಮೆಟಲ್ ಡಿಟೆಕ್ಟರು. ಹೊಸದು ಯಾಕೆ, ಹಳೆಯದು ಸಿಗುತ್ತದೆ ಎಂದು ಫೋನಿನಲ್ಲಿ ಜಾಹೀರಾತು ಹುಡುಕಿ, ಪ್ರತಿ ರಜೆಗೂ ಹೆಣ್ಣು ನೋಡಲು ಹೊರಟವರ ಹಾಗೆ ಹೊರಟರು. ಒಂದರ ವೈರು ಬಿರುಕು ಬಿಟ್ಟಿದೆ ಎಂದು ಬಿಟ್ಟು ಬಂದರು. ಇನ್ನೊಂದಕ್ಕೆ ಬ್ಯಾಟರಿಯ ಮುಚ್ಚಳ ಸಡಿಲ. ಮತ್ತೊಂದಕ್ಕೆ ಎಲ್ಲವೂ ಸರಿ, ಮೂಲ ರಸೀದಿ ಇಲ್ಲ.

"ರೀ, ಬರೇ ಒಂದು ತಾಳಿ ಹುಡುಕೂದೈತಿ, ಬಂಗಾರದ ಗಣಿ ತೋಡೂದಲ್ಲ" ಎಂದೆ.

"ಚೆಕ್ ಮಾಡ್ಲಾರದ ಹಳೀ ಸಾಮಾನು ತಗೋಬಾರದು" ಎಂದರು.

ಅಷ್ಟರಲ್ಲಿ ಕ್ವಾರ್ಟರ್ಸಿನ ಕೇರ್‌ಟೇಕರ್ ಬಂದು, ಸೋಮವಾರ ಮನೆ ಮುಂದಿನ ಮಣ್ಣಿಗೆಲ್ಲ ಕಾಂಕ್ರೀಟ್ ಹಾಕುತ್ತಾರೆ, ಗಾಡಿ ನಿಲ್ಲಿಸಲು ಜಾಗ ಬೇಕಂತೆ, ಗಿಡಗಳನ್ನು ಕಿತ್ತುಕೊಳ್ಳಿ ಎಂದು ಹೇಳಿ ಹೋದ. ಒಂದು ವಾರ ತಡೆಯಪ್ಪ ಎಂದು ಬೇಡಿಕೊಂಡೆ. ಮೇಲಿನ ಆರ್ಡರ್ ಎಂದ.

ಹಾಗಾಗಿ ಆ ಶನಿವಾರ ನಾನೇ ಜೊತೆಗೆ ಹೊರಟೆ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಡಮ್ ಡಮ್‌ಗೆ. ಮಾರುವವರು ನಿವೃತ್ತರಾದ ಬಂಗಾಳಿ ಹಿರಿಯರು. ಗಂಗೆಯ ದಂಡೆಯಲ್ಲಿ ಹಳೆಯ ನಾಣ್ಯ ಹುಡುಕುವ ಹುಚ್ಚಿಗೆ ಯಂತ್ರ ಕೊಂಡಿದ್ದರಂತೆ, ಈಗ ಮಂಡಿ ನೋವು. ಹಿಂದಿನ ಅಂಗಳಕ್ಕೆ ಕರೆದೊಯ್ದರು. ಅವರ ಹೆಂಡತಿ ಅಡಿಗೆಮನೆಯ ಬಾಗಿಲಲ್ಲೇ ನಿಂತು ಚಹಾದ ಲೋಟಗಳನ್ನು ಗಂಡನ ಕೈಗೆ ಕೊಟ್ಟರು, ಹತ್ತಿರ ಬರಲಿಲ್ಲ.

"ಇವಳ ಕೈಯಲ್ಲಿ ಲೋಹಾ ಇದೆಯಮ್ಮ, ಮುತ್ತೈದೆಯ ಕಬ್ಬಿಣದ ಬಳೆ. ತೆಗೆ ಎಂದರೆ ತೆಗೆಯುವುದಿಲ್ಲ. ಯಂತ್ರ ಆನ್ ಇದ್ದಾಗ ದೂರ ನಿಲ್ಲಿಸುತ್ತೇನೆ" ಎಂದು ಹಿರಿಯರು ಹಿಂದಿಯಲ್ಲಿ ಹೇಳಿ ನಕ್ಕರು. ನಾನೂ ನಕ್ಕೆ.

ಇವರ ಪರೀಕ್ಷೆ ಶುರುವಾಯಿತು. ಬೆಲ್ಟು, ವಾಚು, ಫೋನು, ಬೀಗದಕೈ ಎಲ್ಲ ಒಂದು ತಟ್ಟೆಗೆ ಹೋದವು. ನನ್ನ ಬಳೆಗಳೂ ಹೋದವು. ಉಳಿದ ತಾಳಿ ತೆಗೆದುಕೊಡು, ಅದನ್ನೇ ಹೂತು ನೋಡೋಣ ಎಂದರು. ಅದು ಮಾತ್ರ ಆಗುವುದಿಲ್ಲ ಎಂದು ರವಿಕೆಯೊಳಗೆ ಸೇರಿಸಿಕೊಂಡೆ. ಕೊನೆಗೆ ತಮ್ಮ ಉಂಗುರವನ್ನೇ ಹೂತರು. ಇವರು ಆಡಿಸಿದಾಗ ಯಂತ್ರ ಉಂಗುರದ ಮೇಲೆ ಬಂದು ಚೆನ್ನಾಗಿ ಕೂಗಿತು, ಬೇರೆ ಕಡೆ ಸುಮ್ಮನಿತ್ತು. ನನ್ನ ಜೀವ ತಣ್ಣಗಾಯಿತು. ಹುಡುಕುವವಳು ನಾನು, ನನ್ನ ಕೈಗೂ ಕೊಡಿ ಎಂದೆ.

ನನ್ನ ಕೈಗೆ ಬಂದದ್ದೇ ತಡ, ಅದು ಒದರತೊಡಗಿತು. ತುಳಸಿಯ ಹತ್ತಿರ ಒದರಿತು, ಗೋಡೆಯ ಹತ್ತಿರ ಒದರಿತು, ಹೆಜ್ಜೆ ಇಟ್ಟಲ್ಲೆಲ್ಲ ಒದರಿತು. ಹಿರಿಯರು ಬೆಪ್ಪಾಗಿ ನಿಂತರು.

"ಇಷ್ಟೊತ್ತನಾ ಸುಮ್ಮನಿತ್ತು, ಈಗ ಒದರಾಕತ್ತೈತಿ. ಒಳಗ ಲೂಸ್ ಕನೆಕ್ಷನ್ ಐತಿ. ಒಮ್ಮೆ ಬರೂದು, ಒಮ್ಮೆ ಹೋಗೂದು, ಈ ರೋಗ ಭಾಳ ಕೆಟ್ಟದ್ದು" ಎಂದು ಇವರು ನನಗೆ ಹೇಳಿ, ಅದನ್ನೇ ಹಿಂದಿಯಲ್ಲಿ ಅವರಿಗೂ ಹೇಳಿದರು. ಕೆಟ್ಟ ಮಾಲು ಎಂಬ ಮಾತೂ ಸೇರಿತು. ಹಿರಿಯರ ಮುಖ ಗಂಟಾಯಿತು. ಚಹಾ ಅರ್ಧಕ್ಕೇ ಬಿಟ್ಟು ಹೊರಬಿದ್ದೆವು.

ಮೆಟ್ರೋ ಸ್ಟೇಷನ್ನಿನಲ್ಲಿ ಹೆಂಗಸರ ತಪಾಸಣೆಗೆ ನಿಂತೆ. ಪೊಲೀಸಿನವಳು ಕೈಯ ಯಂತ್ರವನ್ನು ಮೇಲಿಂದ ಕೆಳಗೆ ಆಡಿಸುತ್ತ ಮಾತಿನಲ್ಲಿ ಮೈಮರೆತು ನನ್ನ ಪಾದದವರೆಗೂ ತಂದಳು. ಕೊರಳ ಹತ್ತಿರ, ಬಳೆಯ ಹತ್ತಿರ ಕೂಗಿದ ಹಾಗೆ ಅಲ್ಲೂ ಅದು ಕುಂಯ್ ಎಂದಿತು. ಅವಳು ನೋಡಲೂ ಇಲ್ಲ, ಮುಂದೆ ಹೋಗು ಎಂದಳು. ನಾನು ಅಲ್ಲೇ ನಿಂತುಬಿಟ್ಟೆ.

ಕಾಲುಂಗುರ. ಮದುವೆಯ ದಿನ ಹಾಕಿದ ಬೆಳ್ಳಿಯ ಕಾಲುಂಗುರ. ಬಳೆ ತೆಗೆಯುವಾಗ ನೆನಪಾಗಲಿಲ್ಲ. ಅದು ಒಡವೆ ಎಂದು ಯಾವತ್ತಾದರೂ ಅನಿಸಿದ್ದರೆ ತಾನೇ? ಉಗುರಿನ ಹಾಗೆ ಅದೂ ಕಾಲಿನದೇ ಒಂದು ಭಾಗ. ಆ ಹಿರಿಯರ ಮನೆಯಲ್ಲಿ ಯಾರೂ ಹಾಕುವುದಿಲ್ಲ, ಅವರಿಗೆ ತಿಳಿಯದು. ಬದನೆಕಾಯಿಯ ತೂತು ಕಾಣುವ ಇವರಿಗೆ, ತಾವೇ ಕೈಯಾರೆ ತೊಡಿಸಿದ್ದು ಕಾಣಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿಸಿದೆ. ಹಿರಿಯರಿಗೆ ಸಿಟ್ಟು ಇಳಿದಿರಲಿಲ್ಲ. ಕೆಟ್ಟ ಮಾಲಲ್ಲವೇ, ಯಾಕೆ ಬೇಕು ಎಂದರು. ನಾನೇ ಫೋನ್ ಕಿತ್ತುಕೊಂಡು ಗೋಗರೆದ ಮೇಲೆ, ನಾಳೆ ತಂಗಿಯ ಊರಿಗೆ ಹೋಗುತ್ತೇನೆ, ಮಂಗಳವಾರ ಬನ್ನಿ ಎಂದು ಇಟ್ಟುಬಿಟ್ಟರು. ಭಾನುವಾರ ಪೂರ್ತಿ ಕುಡುಗೋಲು ಹಿಡಿದು ಮಣ್ಣು ಕೆದಕಿದೆ. ಸೋಮವಾರ ಕಾಂಕ್ರೀಟ್ ಬಿತ್ತು. ಮಂಗಳವಾರ ಯಂತ್ರ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಕಾಂಕ್ರೀಟ್ ಒಣಗಿದ ಮೇಲೆ ಕಾಲುಂಗುರ ಬಿಚ್ಚಿ ಒಳಗಿಟ್ಟು ನಾನೇ ಯಂತ್ರ ಆಡಿಸಿದೆ. ಎಲ್ಲ ಕಡೆ ಸುಮ್ಮನಿತ್ತು. ಟೊಮೆಟೊ ಸಾಲು ಇದ್ದಲ್ಲಿ, ಕಿಟಕಿಯ ಕೆಳಗೆ, ಒಂದೇ ಒಂದು ಕಡೆ ಸ್ಪಷ್ಟವಾಗಿ ಕೂಗಿತು. ಮತ್ತೆ ಆಡಿಸಿದೆ, ಅಲ್ಲೇ ಕೂಗಿತು.

"ನೋಡಿದೇನ, ಮಶಿನ್ ಖರೇನ ಛಲೋ ಐತಿ" ಎಂದರು ಇವರು.

ಒಡೆಸೋಣ ಎಂದೆ. ಸರ್ಕಾರಿ ನೆಲ, ಅಪ್ಪಣೆ ಬೇಕು, ಅದೂ ಅಲ್ಲದೆ ಕೆಳಗಿರುವುದು ಮೊಳೆಯೂ ಆಗಿರಬಹುದು ಎಂದರು. ಆಗಿರಬಹುದು. ಯಂತ್ರ ಈಗ ಅಟ್ಟದ ಮೇಲಿದೆ, ಹೆಗಲ ಪಟ್ಟಿಯ ಸಮೇತ ಒರೆಸಿ ಇಟ್ಟಿದ್ದಾರೆ. ನಾನು ಆ ಜಾಗ ತುಳಿಯುವುದಿಲ್ಲ, ಬಳಸಿಕೊಂಡು ಹೋಗುತ್ತೇನೆ. ಇವರು ಮಾತ್ರ ತಮ್ಮ ಸ್ಕೂಟರನ್ನು ತಂದು ಸರಿಯಾಗಿ ಅದರ ಮೇಲೇ ನಿಲ್ಲಿಸುತ್ತಾರೆ. ಬೇರೆ ಜಾಗ ಇಲ್ಲವೇ ಎಂದು ಒಂದು ದಿನ ಕೂಗಾಡಿದೆ.

"ಮಂದಿ ಗಾಡಿ ನಿಲ್ಲಬಾರದಂತ ನಾ ನಿಲ್ಲಸೀನಿ" ಎಂದರು, ತಲೆ ಎತ್ತದೆ.

ಹಳೆಯ ಸ್ಕೂಟರು, ನಿಂತಲ್ಲೇ ಎಣ್ಣೆ ಸೋರುತ್ತದೆ. ದಿನಾ ಬೆಳಿಗ್ಗೆ ಇವರು ಆಫೀಸಿಗೆ ಹೋದ ಮೇಲೆ ಬಟ್ಟೆ ತಂದು ಅಲ್ಲಿ ಕೂತು ಒರೆಸುತ್ತೇನೆ.